ಹಂಚಿನ ಊರಿನ ಐದು ಹಂಚು

ಕರಾಟೆ ಕಲಿಸುವವನೇ ಅಂಜುಬುರುಕ ಅಂದರೆ ಜನ ನಗುತ್ತಾರೆ. ನಗಲಿ. ಎಂಬತ್ತರ ದಶಕದ ಮೊದಲ ವರ್ಷಗಳವು. ಬೆಳಗಾವಿಯ ಮೈದಾನದಲ್ಲಿ ಬೆಳಗಿನ ಆರಕ್ಕೆ ಕಪ್ಪು ಪಟ್ಟಿ ಬಿಗಿದು "ಅಂಜಬ್ಯಾಡ್ರಿ" ಎಂದು ಹುಡುಗರ ಮೇಲೆ ಒದರುತ್ತಿದ್ದ ನಾನು, ಹತ್ತಕ್ಕೆ ಕಚೇರಿಯ ಮೆಟ್ಟಿಲು ಹತ್ತುವಾಗ ಒಳಗೊಳಗೇ ನಡುಗುತ್ತಿದ್ದೆ. ಒಂದು ಸರಕಾರಿ ಕಚೇರಿಯಲ್ಲಿ ಹಂಗಾಮಿ ಟೈಪಿಸ್ಟ್ ನಾನು. ಸಾಹೇಬರ ಮುಂದೆ ವೇಗದ ಪರೀಕ್ಷೆ ಪಾಸಾದರೆ ಮಾತ್ರ ಕಾಯಂ. ಎರಡು ಸಲ ಬಿದ್ದಿದ್ದೆ. ಮೂರನೆಯ ಸಲವೂ ಬಿದ್ದರೆ ಮನೆಗೇ ಹೋಗಬಹುದು ಎಂದು ಹೆಡ್ ಕ್ಲಾರ್ಕ್ ಚಹಾ ಹೀರುತ್ತಲೇ ಹೇಳಿದ್ದರು. ಹೆಂಡತಿಗೆ ಆಗ ಏಳು ತಿಂಗಳು.

ನನ್ನ ಜೊತೆ ಕಲಿಸುತ್ತಿದ್ದ ಗೆಳೆಯ ಬೆಳಗಾವಿಯ ದಂಡಿನ ಪ್ರದೇಶದವನು, ಕ್ಯಾಂಪಿನವನು. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ, ಸಿಟ್ಟು ಬಂದರೆ ಮರಾಠಿ. ಊರ ಹೊರಗೆ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ. ಅವನ ಪಾಳಿ ಬದಲಾದಾಗಲೆಲ್ಲ ನಮ್ಮ ಕ್ಲಾಸಿನ ವೇಳೆಯೂ ಬದಲಾಗುತ್ತಿತ್ತು. ಇಬ್ಬರದೂ ಕೈ ನಂಬಿದ ಹೊಟ್ಟೆ. ಹಾಗಾಗಿ ನಮ್ಮಲ್ಲೊಂದು ಕಟ್ಟಳೆ ಇತ್ತು. ಪ್ರದರ್ಶನದಲ್ಲಿ ಹಂಚು ಒಡೆಯಬೇಕಾದರೆ, ಮರುದಿನ ಯಾರಿಗೆ ಕೈಯ ಕೆಲಸ ಕಡಿಮೆಯೋ ಅವನೇ ಒಡೆಯಬೇಕು.

ಇನ್ನೊಂದು ಕಟ್ಟಳೆಯನ್ನು ಹೊರಗೆ ಬಾಯಿ ಬಿಡುತ್ತಿರಲಿಲ್ಲ. ಹಂಚುಗಳನ್ನು ನಾವೇ ಆರಿಸುತ್ತಿದ್ದೆವು, ಅದರಲ್ಲೂ ನಾನೇ. ಭಟ್ಟಿಯಲ್ಲಿ ಸರಿಯಾಗಿ ಬೇಯದೆ, ವ್ಯಾಪಾರಿ ಮೂಲೆಗೆ ಒಗೆದ ಹಂಚು ತಂದು ನಾಲ್ಕು ದಿನ ಬಿಸಿಲಿಗಿಡುತ್ತಿದ್ದೆ. ಬೆರಳ ಗೆಣ್ಣಿನಿಂದ ಬಾರಿಸಿದರೆ 'ದಪ್' ಅನ್ನಬೇಕು. 'ಠಣ್' ಅಂದರೆ ಅದು ಮನೆಯ ಮಾಡಿಗೆ ಲಾಯಕ್ಕು, ಮನುಷ್ಯನ ಕೈಗಲ್ಲ. ಇದನ್ನು ಮೋಸ ಅನ್ನುವವರು ಅನ್ನಲಿ, ಸೋಮವಾರ ಅವರು ಬಂದು ನನ್ನ ಬದಲು ಟೈಪ್ ಮಾಡುವುದಿಲ್ಲವಲ್ಲ!

ಭಾನುವಾರ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿದು ಖಾನಾಪುರಕ್ಕೆ ಹೋಗಿ ಅಲ್ಲೂ ಕಲಿಸುತ್ತಿದ್ದೆವು. ಮಕ್ಕಳು ಹೆಚ್ಚಲಿ ಎಂದು ಒಂದು ಭಾನುವಾರ ಪಾಲಕರ ಮುಂದೆ ಪ್ರದರ್ಶನ ಇಟ್ಟುಕೊಂಡೆವು. ಮರುದಿನ ಹನ್ನೊಂದಕ್ಕೆ ನನ್ನ ಮೂರನೆಯ ಪರೀಕ್ಷೆ. ಗೆಳೆಯನಿಗೆ ಸೋಮವಾರ ವಾರದ ಸೂಟಿ. ಹೊಡೆಯುವವನು ಅವನೇ ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಹಂಚು ಚೀಲದಲ್ಲಿ ತುಂಬಿ ಒಯ್ಯುವುದು ವಾಡಿಕೆ. ಆದರೆ ಹಿಂದಿನ ವಾರವೇ ಒಬ್ಬ ವಿದ್ಯಾರ್ಥಿನಿಯ ತಂದೆ, ಅಲ್ಲಿನ ಹಂಚಿನ ಕಾರ್ಖಾನೆಯ ಮಿಸ್ತ್ರಿ, ನಮ್ಮನ್ನು ತಡೆದಿದ್ದರು. "ಹಂಚಿನ ಊರಿಗೆ ಹಂಚು ಹೊತ್ಕೊಂಡ ಬರ್ತೀರೇನ್ರಿ ಮಾಸ್ತರ್ರ? ನಮ್ಮ ಮಾನ ಹೋಗ್ತೈತಿ. ನಾ ತರ್ತೀನಿ ಬಿಡ್ರಿ." ಎಂಥ ಹಂಚು ಬೇಕು ಎಂದು ಅವರಿಗೆ ಹೇಳುವುದು ಹೇಗೆ? ಹೂಂ ಅಂದುಬಿಟ್ಟೆವು.

ಅವರು ತಂದದ್ದು ಪಡಸಾಲೆಯಲ್ಲಿ ಇಡಬಹುದಾದಂಥ ಐದು ಹಂಚು. ಕೆಂಪಗೆ, ಒಂದು ಬಿರುಕಿಲ್ಲ. "ಒಂದ್ ನಂಬರ್ ಮಾಲ್ ರೀ. ನಾನಽ ಒಂದೊಂದ ಆರಿಸೇನಿ," ಅಂದರು. ಗೌರವಕ್ಕೆಂದೇ ಆರಿಸಿದ್ದರು ಪುಣ್ಯಾತ್ಮರು. ಎರಡು ಇಟ್ಟಿಗೆಗಳ ಮೇಲೆ ಐದನ್ನೂ ಪೇರಿಸಿದವನು ನಾನು. ಮೇಲಿನದನ್ನು ಗೆಣ್ಣಿನಿಂದ ಬಾರಿಸಿದೆ. ಠಣ್ ಅಂತು. ಕೆಳಗಿನದೂ ಠಣ್.

ಬೇಡ ಅನ್ನಬೇಕಿತ್ತು. ಅಂದರೆ ಏನಾಗುತ್ತಿತ್ತು ಎನ್ನುವುದೂ ಅಷ್ಟೇ ಬೇಗ ಕಣ್ಣ ಮುಂದೆ ಬಂತು. "ಹಂಗಾರ ನೀ ಹೊಡಿ, ನಿನ್ನ ಏಟ ಜೋರ ಐತಿ," ಎಂದು ಗೆಳೆಯ ಅಂದರೆ? ನನ್ನ ಏಟು ಜೋರು ಎನ್ನುವುದು ಅಲ್ಲಿದ್ದ ಪುಟ್ಟ ಮಕ್ಕಳಿಗೂ ಗೊತ್ತಿತ್ತು. ಟೈಪ್ ಯಂತ್ರದ ಮೇಲೆ ಬಾತ ಬೆರಳು, ಗಡಿಯಾರ ಹಿಡಿದ ಸಾಹೇಬರು, ಏಳು ತಿಂಗಳ ಬಸುರಿ ಹೆಂಡತಿ, ಎಲ್ಲ ಒಟ್ಟಿಗೇ ಕಂಡವು. ಗೆಳೆಯ ಒಮ್ಮೆ ನನ್ನ ಮುಖ ನೋಡಿದ. ನಾನು ಬಗ್ಗಿ, ಸರಿಯಾಗಿಯೇ ಇದ್ದ ಇಟ್ಟಿಗೆಯನ್ನು ಮತ್ತೆ ಸರಿಮಾಡಿದೆ.

ಅವನು ಅಂಗೈ ಅಂಚಿನಿಂದ ಹೊಡೆದ. ಮೂರು ಒಡೆದವು, ಎರಡು ಉಳಿದವು. ಜನ ಚಪ್ಪಾಳೆ ತಟ್ಟಿದರು, ಮಿಸ್ತ್ರಿಯವರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅವನು ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡು ಬಾಗಿ ವಂದಿಸಿದ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

ವಾಪಸು ಗಾಡಿಯಲ್ಲಿ ಕೈಗೆ ಒದ್ದೆ ಟವೆಲ್ ಸುತ್ತಿಕೊಂಡು ಕಿಟಕಿಗೆ ಒರಗಿದ್ದ. ಕೈ ಬದನೆಕಾಯಿಯಷ್ಟು ದಪ್ಪಗಾಗಿತ್ತು. "ನಾಳೆ ದವಾಖಾನಿಗೆ ನಾ ಒಬ್ಬಾಂವನ ಹೋಗ್ತೀನಿ. ನೀ ಪರೀಕ್ಷಾಕ್ಕ ಹೋಗು," ಅಂದ. ನನಗೆ ನಾಚಿಕೆಯಾಗಬೇಕಿತ್ತು. ಖರೇ ಹೇಳುತ್ತೇನೆ, ನೆಮ್ಮದಿಯಾಯಿತು.

ಸೋಮವಾರ ಅವನು ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದಾಗ ನನ್ನ ಹತ್ತೂ ಬೆರಳು ಕುದುರೆಯಂತೆ ಓಡಿದವು. ಪಾಸಾದೆ. ಕಿರುಬೆರಳಿನ ಕೆಳಗಿನ ಎಲುಬು ಮುರಿದಿದೆ, ಆರು ವಾರ ಪ್ಲಾಸ್ಟರ್ ಎಂಬ ಸುದ್ದಿ ಸಂಜೆ ಮತ್ತೊಬ್ಬರಿಂದ ಸಿಕ್ಕಿತು. ಹತ್ತು ದಿನ ಅವನ ಮನೆ ಕಡೆ ಹಾಯಲಿಲ್ಲ. ದಾರಿಯಲ್ಲಿ ಅವನ ತಮ್ಮನನ್ನು ಕಂಡರೆ ಅಂಗಡಿಯೊಳಗೆ ಹೊಕ್ಕು ನಿಲ್ಲುತ್ತಿದ್ದೆ. ಅಷ್ಟರಲ್ಲಿ ಕಾರ್ಖಾನೆಯವರು ಅವನ ಲೇಥ್ ಮೇಲೆ ಬೇರೊಬ್ಬನನ್ನು ನಿಲ್ಲಿಸಿದ್ದರು.

ಕೊನೆಗೆ ಒಂದು ಸಂಜೆ ಹೋದೆ. ಕುರ್ಚಿ ಎಳೆದು ಕೂಡಿಸಿದ, ಒಳಗೆ ಕೂಗಿ ಚಹಾ ತರಿಸಿದ. "ಆ ಹಂಚು..." ಎಂದು ಶುರುಮಾಡಿದೆ.

"ನನಗೂ ಕೇಳಿಸಿತ್ತಲೇ," ಅಂದ. "ಠಣ್ ಅಂದ್ವು. ಆದ್ರ ನೀ ಬ್ಯಾಡ ಅನ್ನಲಿಲ್ಲ. ಹಂಗಾರ ಹೊಡಿಬಹುದು ಅಂತ ತಿಳಕೊಂಡ್ನಿ. ನನ್ನ ಕಿವಿಗಿಂತ ನಿನ್ನ ಕಿವಿ ಮ್ಯಾಲೆ ನನಗ ಭರೋಸಾ."

ಕುಹಕವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಇಬ್ಬರೂ ತಪ್ಪು ಎಣಿಸಿದೆವು, ಅಷ್ಟೇ, ಎಂಬಂತೆ ಅವನು ಎಡಗೈಯಿಂದ ಬಿಸ್ಕೀಟಿನ ತಟ್ಟೆಯನ್ನು ನನ್ನ ಕಡೆ ಸರಿಸಿದ. ಠಣ್ ಅಂದದ್ದು ನನಗೂ ಕೇಳಿಸಿತ್ತು, ಅಂಜಿ ಬಾಯಿ ಬಿಡಲಿಲ್ಲ ಎಂದು ಆಗಲಾದರೂ ಹೇಳಬಹುದಿತ್ತು. ನಾನು ಬಿಸ್ಕೀಟು ತೆಗೆದುಕೊಂಡೆ.