ಮೂಲೆಯ ಖಾಲಿ ಕಂಪ್ಯೂಟರ್

ನಮ್ಮ ಮೇಷ್ಟ್ರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಯಾವಾಗಲೋ ಸೋಲ್ಡರಿಂಗ್ ಮಾಡುವಾಗ ಸುಟ್ಟುಕೊಂಡಿದ್ದಂತೆ. ಶಿರಾದ ಬಸ್ ನಿಲ್ದಾಣದ ಹಿಂದಿನ ಅವರ ರಿಪೇರಿ ಅಂಗಡಿಯಲ್ಲಿ ಆ ಮೊಂಡು ಬೆರಳಿನಿಂದಲೇ ಕೀಬೋರ್ಡ್ ಕುಟ್ಟುತ್ತಿದ್ದರು. ಬರಗೂರಿನಿಂದ ದಿನಾ ಬಸ್ಸಿಗೆ ಬಂದು ನಾನು ಅವರ ಹತ್ತಿರ ಕೆಲಸ ಕಲಿತೆ.

ಪಾವಗಡದ ಕಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಳ್ಳಿ ನೀರು ಪರೀಕ್ಷಿಸುವ ಒಂದು ಸಂಸ್ಥೆಯ ಹಳೇ ಯಂತ್ರಗಳ ಫೈಲುಗಳನ್ನು ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಓದಲು ಮೇಷ್ಟ್ರು ಎರಡು ವರ್ಷ ಕೂತು ಒಂದು ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳೂ ಬಳಸಬಹುದಾದ ಕೋಡು, ಬರೆದರು. ಯಾರು ಬೇಕಾದರೂ ಸುಲಭವಾಗಿ ಹಾಕಿಕೊಳ್ಳುವಂತೆ ಅದನ್ನು ಪ್ಯಾಕೇಜ್ ಮಾಡುವ ಕೆಲಸ ನನ್ನದು. ಅದು ನಡೆಯಲು ಬೇಕಾದ ಬೇರೆ ಸಾಫ್ಟ್‌ವೇರ್‌ಗಳ ಹೆಸರನ್ನೆಲ್ಲ ಒಳಗೆ ಬರೆದಿರಬೇಕು. ಒಂದು ಬಿಟ್ಟರೂ ಕೆಟ್ಟಿತು. ಅದಕ್ಕೇ ಮೇಷ್ಟ್ರು ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟಿದ್ದರು. ಪ್ರತಿ ಸಲ ಅದನ್ನು ಪೂರ್ತಿ ಅಳಿಸಿ, ಬರೀ ಲಿನಕ್ಸ್ ಹಾಕಿ, ಅದರಲ್ಲಿ ನಡೆದ ಪ್ಯಾಕೇಜನ್ನು ಮಾತ್ರ ಹೊರಗೆ ಬಿಡುತ್ತಿದ್ದರು.

"ನಿನ್ ಕಂಪ್ಯೂಟ್ರು ನಿನ್ ತವರ್ಮನೆ ಕಣಮ್ಮ, ಕೈ ಚಾಚಿದ್ರೆ ಎಲ್ಲಾ ಸಿಗ್ತದೆ. ಕಂಡೋರ್ ಮನೇಲಿ ಹೆಂಗ್ ನಡೀತದೆ ನೋಡು."

ಮೇಷ್ಟ್ರು ಸಾಬರು; ನನಗದು ಸಾಬರ ಮಡಿ ಅನ್ನಿಸಿ ಒಳಗೊಳಗೇ ನಗುತ್ತಿದ್ದೆ. ಒಂದು ಸಂಜೆ ಬಸ್ ತಪ್ಪೀತೆಂದು ನನ್ನ ಕಂಪ್ಯೂಟರಿನಲ್ಲಷ್ಟೇ ನೋಡಿ, "ಖಾಲಿದ್ರಲ್ಲೂ ನೋಡ್ದೆ ಸಾರ್" ಎಂದು ಸುಳ್ಳು ಹೇಳಿ ಹೊರಟುಬಿಟ್ಟೆ.

ಮರುದಿನ ಪಾವಗಡ ಕಡೆಯ ನಾಗಲಮಡಿಕೆಯಲ್ಲಿ ಸಂಸ್ಥೆಯ ಕಂಪ್ಯೂಟರಿಗೆ ಪ್ಯಾಕೇಜ್ ಹಾಕಿ ತೋರಿಸಹೋದರೆ ಊರವರ ಮುಂದೆ ಒಂದು ಫೈಲೂ ತೆರೆಯಲಿಲ್ಲ. ನಾನು ಒಂದು ಹೆಸರು ಬಿಟ್ಟಿದ್ದೆ. ಸರಿಮಾಡೋಣವೆಂದರೆ ಅಲ್ಲಿ ಇಂಟರ್ನೆಟ್ ಇರಲಿಲ್ಲ.

"ರಿಪೇರಿ ಅಂಗ್ಡಿಯವ್ರಿಗೆಲ್ಲ ಯಾಕ್ರೀ ಇಂಥ ಕೆಲ್ಸ?" ಎಂದ ಸಂಸ್ಥೆಯ ಅಧಿಕಾರಿ.

"ನಂದೇ ತಪ್ಪು ಸಾರ್" ಎಂದರು ಮೇಷ್ಟ್ರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ವೈರುಗಳನ್ನು ಸುತ್ತಿ ಚೀಲಕ್ಕೆ ತುಂಬತೊಡಗಿದೆ.

ಅವರಿಗೆ ಆ ಕೆಲಸ ಅಲ್ಲಿಗೇ ತಪ್ಪಿತು. ವಾಪಸ್ ಬಸ್ಸಿನಲ್ಲಿ, "ಬುಡಮ್ಮ, ಆಗ್ಬುಟ್ಟದೆ. ಏನಾರ ತಿಂದ್ಯಾ?" ಎಂದರು. ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಮುಂದೆ ಅದೇ ಸಂಸ್ಥೆ ಕೆಲಸಕ್ಕೆ ಕರೆದಾಗ ನಾಚಿಕೆಯಿಲ್ಲದೆ ಹೋಗಿ ಸೇರಿದೆ. ಮತ್ತೆ ಅವರ ಅಂಗಡಿ ಮೆಟ್ಟಿಲು ಹತ್ತಲಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಸುದ್ದಿ ಕೇಳಿದ ದಿನ ಆ ಪ್ಯಾಕೇಜ್ ತೆರೆದೆ. ಯಾರು, ಯಾವಾಗ, ಏನು ತಿದ್ದಿದರೆಂದು ಬರೆದಿಡುವ ಪಟ್ಟಿ ಅದರಲ್ಲಿರುತ್ತದೆ. ನಾಗಲಮಡಿಕೆಯಿಂದ ಬಂದ ದಿನವೇ ಮೇಷ್ಟ್ರು ಬರೆದಿದ್ದರು: "ಬಿಟ್ಟುಹೋಗಿದ್ದ ಹೆಸರು ಸೇರಿಸಿದೆ. ಖಾಲಿ ಕಂಪ್ಯೂಟರಿನಲ್ಲಿ ನೋಡದೆ ಬಿಟ್ಟವನು ನಾನು." ಕೆಳಗೆ ಅವರ ಹೆಸರು.

ನನ್ನ ಸುಳ್ಳು ಅವರಿಗೆ ಅವತ್ತೇ ಗೊತ್ತಿತ್ತು. ಆ ಸಾಲಿನ ಕೆಳಗೆ, "ನೋಡದೆ ಬಿಟ್ಟವಳು ನಾನು" ಎಂದು ಬರೆದು ನನ್ನ ಹೆಸರು ಹಾಕಿದೆ. ಓದಬೇಕಾಗಿದ್ದವರು ಇರಲಿಲ್ಲ.