ಒದ್ದೆ ಗೋಣಿಯ ವಿಜ್ಞಾನ

ವಿಜ್ಞಾನ ಹುಟ್ಟಿದ್ದು ಪಂಡಿತರ ತಲೆಯಲ್ಲಲ್ಲ, ದುಡಿಯುವವರ ಕೈಯಲ್ಲಿ, ಪಂಡಿತರು ಅದನ್ನು ಕದ್ದು ತಮ್ಮ ಹೆಸರು ಹಾಕಿಕೊಂಡರು ಎಂದು ಮಾರ್ಕ್ಸ್‌ವಾದಿಯೊಬ್ಬರ ಪುಸ್ತಕದಲ್ಲಿ ಓದಿದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅರವತ್ತರ ದಶಕದ ಆರಂಭ; ದಾವಣಗೆರೆಯ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರಾಗಿದ್ದೆ. ಆ ಭಾನುವಾರವೇ ಹತ್ತಿ ಮಿಲ್ಲಿನ ಕಾರ್ಮಿಕ ಸಂಘಕ್ಕೆ ಹೋಗಿ, ಉಗಿಯಂತ್ರ ಮೊದಲು ಬಂತು, ಅದರ ಸಿದ್ಧಾಂತ ಆಮೇಲೆ ಎಂದು ಮೇಜು ಗುದ್ದಿ ಹೇಳಿದೆ.

ನೂಲು ತೆಗೆಯುವ ಖಾಜಾಸಾಬರು ನೆಲದ ಮೇಲೆ ಕೂತಲ್ಲಿಂದಲೇ ಕೇಳಿದರು: "ಹಂಗಾದ್ರೆ ಮೇಷ್ಟ್ರೆ, ಕುರ್ಚಿ ಮ್ಯಾಲೆ ನೀವ್ಯಾಕ ಕುಂತೀರಿ?"

ನನಗೆ ರೋಮಾಂಚನವಾಯಿತು. ಎದ್ದು ಅವರನ್ನು ಕುರ್ಚಿಯಲ್ಲಿ ಕೂರಿಸಿ, ನಾನು ನೆಲದ ಮೇಲೆ ಕೂತೆ.

"ಬ್ಯಾಸಿಗ್ಯಾಗ ಗಾಳಿ ಒಣಗಿ ನೂಲು ಪಟಪಟ ಹರೀತೈತ್ರಿ. ಕಿಟಕಿಗೆ ಒದ್ದಿ ಗೋಣಿ ಕಟ್ಟಿದ್ರೆ ಹರಿಯಂಗಿಲ್ಲ. ಮ್ಯಾನೇಜರಿಗೆ ಹೇಳಿದ್ರೆ, ನೀವು ಕೆಲಸಗಳ್ಳರು ಅಂತಾರೆ. ಇದನ್ನ ಇಂಗ್ಲಿಷ್‌ನಾಗ ಬರ್ದುಕೊಡ್ರಿ."

ಆರ್ದ್ರತೆ, ಸೂತ್ರ, ನಕ್ಷೆ ಎಲ್ಲ ಸೇರಿಸಿ ಎರಡು ಪುಟ ಬರೆದೆ. ಮೊದಲ ಸಾಲಿನಲ್ಲೇ ಖಾಜಾಸಾಬರ ಹೆಸರಿತ್ತು. ವಾರದೊಳಗೆ ಮಿಲ್ಲಿನ ಕಿಟಕಿಗಳಿಗೆ ಒದ್ದೆ ಗೋಣಿ ಬಂತು. ಬಾಗಿಲ ಬಳಿಯ ಬೋರ್ಡಿನಲ್ಲಿ ವಂದನೆಯೂ ಬಂತು, ಈ ವಿಧಾನ ಕಂಡುಹಿಡಿದ ಕಾಲೇಜು ಮೇಷ್ಟ್ರಿಗೆ.

ಆ ಪುಸ್ತಕದ ವಾದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಇವತ್ತಿಗೂ ಸಿಕ್ಕಿಲ್ಲ. ಕಳ್ಳನ ಜಾಗದಲ್ಲಿ ಮಾತ್ರ ನಾನೇ ನಿಂತಿದ್ದೆ.