ವಾಮನಣ್ಣ ಕೊನೆಗೆ ಬರೆದ ಆಕಾಶ

ನಾಟಕದ ಪರದೆ ಬರೆಯುವವರೆಲ್ಲ ಆಕಾಶದಿಂದ ಆರಂಭಿಸುತ್ತಾರೆ. ತೂಗುಹಾಕಿದ ಬಟ್ಟೆಯಲ್ಲಿ ಬಣ್ಣ ಕೆಳಕ್ಕೆ ಸೋರುವುದರಿಂದ ಮೇಲಿನದನ್ನು ಮೊದಲು ಮುಗಿಸುವುದು ಆ ಕಸುಬಿನ ಕ್ರಮ. ಕುದ್ರೋಳಿಯ ವಾಮನಣ್ಣ ಮಾತ್ರ ಆಕಾಶವನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದರು. ಕೆಳಗಿನ ಅರಮನೆಯೋ ಕಡಲೋ ಒಣಗಿದ ಮೇಲೆ ಅದಕ್ಕೆಲ್ಲ ಹಳೆಯ ಗೋಣಿ ಹೊದಿಸಿ ಏಣಿ ಹತ್ತುವರು. ಮನೆಮಾತು ತುಳುವಾದರೂ, ನಾನು ಕಾಲೇಜಿಗೆ ಹೋಗುವವನೆಂಬ ಮರ್ಯಾದೆಗೆ ನನ್ನೊಡನೆ ಕನ್ನಡ ಆಡುತ್ತಿದ್ದರು. "ಆಕಾಶ ಮೊದಲೇ ಬರೆದ್ರೆ ಕೆಳಗಿನದ್ದೆಲ್ಲ ಅದಕ್ಕೆ ಹೆದರಿ ಕೂತ್ಕೊಳ್ತದೆ ಮಾರಾಯ!"

ಆ ಕಾಲದ ಚಿತ್ರಕಾರರ ಆಕಾಶಗಳನ್ನು ನಾನು ಮುಂದೆ ಸಾಕಷ್ಟು ನೋಡಿದ್ದೇನೆ. ಮುಂಬಯಿಯಿಂದ ಬರುತ್ತಿದ್ದ ಕ್ಯಾಲೆಂಡರುಗಳಲ್ಲಿ ಅದು ದೇವರು ನಿಲ್ಲುವ ಜಾಗ: ತಿಳಿನೀಲಿ, ಅಂಚಿಗೆ ಗುಲಾಬಿ ಮೋಡ. ಫೋಟೋ ಸ್ಟುಡಿಯೋದ ಪರದೆಗಳಲ್ಲಿ ಬೂದು ಹೊಗೆ. ಡ್ರಾಯಿಂಗ್ ಮಾಸ್ಟ್ರುಗಳಿಗೆ ಕಾಗದದ ಬಿಳಿಯನ್ನು ಉಳಿಸುವ ಜಾಣ್ಮೆ. ವಾಮನಣ್ಣನಿಗೆ ಆಕಾಶವೆಂದರೆ ದೋಣಿ ಇಳಿಸಬಹುದೋ ಬಾರದೋ ಎಂಬ ಪ್ರಶ್ನೆ. ಬರೆಯುವ ಮುನ್ನ ನದಿ ದಾಟಿ ಬೆಂಗ್ರೆಯ ಮರಳದಂಡೆಗೆ ಹೋಗಿ, ಕಡಲಿಗೆ ಮುಖಮಾಡಿ ಕತ್ತಲಾಗುವವರೆಗೆ ಕುಳಿತು ಬರುತ್ತಿದ್ದರು.

ಹೇಳಬೇಕಾದದ್ದು ಒಂದು ಬೇಸಗೆಯ ಸಂಗತಿ. ಇಸವಿಯ ಬಗ್ಗೆ ನನಗೆ ಬಹುಕಾಲ ಸಂದೇಹವಿತ್ತು. ರಂಗದ ದೀಪಗಳಿಗೆ ಬೆಳಕು ಮರೆಸುವ ಯುದ್ಧಕಾಲದ ಕಪ್ಪು ಕಾಗದ ಇನ್ನೂ ಬಂದಿರಲಿಲ್ಲ. ನಾನಾಗಲೇ ಕಾಲೇಜು ಸೇರಿದ್ದೆ. ಎರಡನ್ನೂ ತಾಳೆನೋಡಿದರೆ ಮೂವತ್ತರ ದಶಕದ ಕೊನೆಯೆನ್ನಬಹುದು. ಅದಕ್ಕಿಂತ ಖಚಿತವಾಗಿ ಹೇಳಲು ನನ್ನಲ್ಲಿ ಆಧಾರವಿಲ್ಲ. ತಿಂಗಳ ವಿಷಯದಲ್ಲಿ ಅನುಮಾನವಿಲ್ಲ. ಪತ್ತನಾಜೆ ಸಮೀಪಿಸಿತ್ತು. ಬೇಸಗೆಯ ಕೊನೆಯ ಆ ದಿನ ಕಳೆದರೆ ನಮ್ಮಲ್ಲಿ ಯಕ್ಷಗಾನದ ಆಟ, ಭೂತಕೋಲಗಳೆಲ್ಲ ನಿಲ್ಲುತ್ತವೆ. ಊರಿನ ನಾಟಕ ಮಂಡಳಿಯ ಹೊಸ ನಾಟಕವೂ ಅದರೊಳಗೆ ಆಗಬೇಕಿತ್ತು.

ಅದರೊಳಗೆ ಬರಬೇಕಾದದ್ದು ಇನ್ನೊಂದಿತ್ತು. ವಾಮನಣ್ಣನ ತಮ್ಮ ಸಂಜೀವ, ಮುಂಬಯಿಗೆ ಹೆಂಚು ಸಾಗಿಸುವ ಮಂಜಿಯಲ್ಲಿ, ಅಂದರೆ ಹಾಯಿಹಡಗಿನಲ್ಲಿ, ಕೆಲಸಕ್ಕಿದ್ದ. ಮಳೆಗೆ ಮುನ್ನ ಮಂಜಿಗಳೆಲ್ಲ ಬಂದರಿಗೆ ಮರಳುವುದು ವಾಡಿಕೆ. ಒಂದೊಂದಾಗಿ ಮರಳಿದವು, ಸಂಜೀವನದು ಬರಲಿಲ್ಲ. ಗೋವೆಯ ಆಚೆ ಗಾಳಿ ಎದ್ದಿದೆಯೆಂಬ ಸುದ್ದಿ ಮಾತ್ರ ಬಂತು.

ನಮ್ಮ ಮನೆಯ ಪಕ್ಕದ ಗೋದಾಮಿನಲ್ಲಿ ಪರದೆ ತೂಗುತ್ತಿತ್ತು. ಕೆಳಗೆ ಕಡಲು, ಮರಳು ಎಲ್ಲ ಮುಗಿದಿತ್ತು. ಮೇಲೆ ಬರೀ ಬಿಳಿ. ಮಂಡಳಿಯ ಮ್ಯಾನೇಜರು ದಿನಾ ಬಂದು ಕೂಗಾಡುವರು.

"ಎಂತ ವಾಮನ, ಸೂರ್ಯೋದಯ ಬರೀಲಿಕ್ಕೆ ಸೂರ್ಯನ ಅಪ್ಪಣೆ ಬೇಕಾ? ಕ್ಯಾಲೆಂಡರಲ್ಲಿ ಉಂಟಲ್ಲ, ನೋಡಿ ಬರಿ!"

ಮ್ಯಾನೇಜರು ಹೋದ ಮೇಲೆ ವಾಮನಣ್ಣ ನನ್ನತ್ತ ತಿರುಗಿ, "ಕಪ್ಪು ಮೋಡ ಬರೆದ್ರೆ ಗಾಳಿಯನ್ನು ನಾನೇ ಕರೆದ ಹಾಗೆ ಆಗ್ತದೆ. ತಿಳಿಯಾಗಿ ಬರೆದ್ರೆ ಸುಳ್ಳು. ಎಂತ ಬರೀಲಿ, ನೀನೇ ಹೇಳು," ಎಂದರು.

ನಾಟಕದ ಹಿಂದಿನ ದಿನ ಮಧ್ಯಾಹ್ನ ಸಂಜೀವನ ಹೆಂಡತಿ ಕಲ್ಯಾಣಿ ಬಂದಳು. ಬಾಗಿಲಲ್ಲೇ ನಿಂತು ಆ ಬಿಳಿಯನ್ನು ದಿಟ್ಟಿಸಿದಳು.

"ಹೀಗೆ ಖಾಲಿ ಬಿಡ್ಬೇಡಿ ಭಾವ, ನೋಡ್ಲಿಕ್ಕೆ ಆಗುದಿಲ್ಲ. ಗಾಳಿ ನಿಂತ ಮೇಲಿನದ್ದು ಬರೀರಿ. ಅವರು ಬರುವಂಥದ್ದು."

ವಾಮನಣ್ಣ ಏಣಿ ಹತ್ತಿದರು. ಬೆಂಗ್ರೆಗೆ ಹೋಗದೆ, ಕಣ್ಣಾರೆ ನೋಡದೆ ಅವರು ಆಕಾಶ ಬರೆದದ್ದು ನಾನು ಕಂಡಂತೆ ಅದೊಂದೇ ಸಲ. ಗೋಣಿ ಹೊದಿಸುವುದನ್ನೂ ಮರೆತಿದ್ದರು. ಬಣ್ಣ ಸೋರಿ ಕಡಲಿನ ಮೇಲೆ ಸಣ್ಣ ಗೆರೆಗಳು ಮೂಡಿದವು.

ಮರುದಿನ ಸಂಜೆ ಪರದೆ ಇಳಿಯಿತು. ಬಿರುಗಾಳಿ ದಾಟಿಹೋದ ಬೆಳಗು: ಹರಿದ ಮೋಡಗಳು, ಅವುಗಳಡಿಯಲ್ಲಿ ನೀರಂಚಿಗೆ ತೆಳುವಾದ ಹಳದಿ. ಸೋರಿದ ಗೆರೆಗಳು ದೂರದಲ್ಲಿ ಇನ್ನೂ ಹನಿಯುತ್ತಿರುವ ಮಳೆಯಂತಿದ್ದವು. ಮುಂದೆ ಕುಳಿತಿದ್ದ ಬೆಂಗ್ರೆಯ ಮುದುಕರೊಬ್ಬರು, "ಈ ಆಕಾಶಕ್ಕೆ ಮಂಜಿ ಬರ್ತದೆ," ಎಂದದ್ದು ಎಲ್ಲರಿಗೂ ಕೇಳಿಸಿತು.

ಮುಂದಿನದು ದರ್ಬಾರಿನ ದೃಶ್ಯ. ಪರದೆಯನ್ನು ಕೆಳಗಿನಿಂದ ಸುತ್ತತೊಡಗಿದರು. ಮರಳು ಹೋಯಿತು, ಕಡಲು ಅರ್ಧ ಹೋಯಿತು. ಹೆಂಗಸರ ಸಾಲಿನಲ್ಲಿ ಕಲ್ಯಾಣಿ ಎದ್ದು ನಿಂತಳು.

"ಸುತ್ತಬೇಡಿ!"

ರಂಗದ ಪಕ್ಕದಲ್ಲಿ ನಿಂತಿದ್ದ ವಾಮನಣ್ಣ ಹಗ್ಗ ಕಸಿದುಕೊಂಡರು. ಕಡಲು ಮತ್ತೆ ಕೆಳಗಿಳಿಯಿತು.

"ತಲೆ ಸರಿ ಉಂಟಾ ನಿಂಗೆ?" ಮ್ಯಾನೇಜರು ಹಲ್ಲು ಕಡಿದರು. "ರಾಜ ಸಮುದ್ರದಲ್ಲಿ ದರ್ಬಾರು ಮಾಡುದಾ?"

"ಮಾಡ್ಲಿ. ಒಂದು ದಿನ ರಾಜನೂ ದಡದಲ್ಲಿ ಕಾಯ್ಲಿ."

ರಾಜ ಬಂದ. ಕಡಲಿಗೆ ಬೆನ್ನುಹಾಕಿ ಸಿಂಹಾಸನದಲ್ಲಿ ಕುಳಿತ. ಮಂತ್ರಿ ನಡುಗುತ್ತ ಕೈಮುಗಿದ. ಮೀಸೆ ತುಸು ಜಾರಿದರೂ ಕೂಗಿ ಗೇಲಿ ಮಾಡುವ ನಮ್ಮ ಪ್ರೇಕ್ಷಕರಲ್ಲಿ ಒಬ್ಬರೂ ನಗಲಿಲ್ಲ. ಮಂಗಳದವರೆಗೂ ಆ ಪರದೆ ಹಾಗೆಯೇ ಇತ್ತು, ಕಲ್ಯಾಣಿಯೂ ಕುಳಿತುಕೊಳ್ಳಲಿಲ್ಲ.

ಪತ್ತನಾಜೆ ಕಳೆಯಿತು. ಮಳೆ ಹಿಡಿಯಿತು. ಮಂಜಿ ಬರಲಿಲ್ಲ.

ಅನಂತರವೂ ವಾಮನಣ್ಣ ಪರದೆ ಬರೆದರು. ಬೀದಿ ಬರೆದರೆ ಮನೆಗಳ ಹೆಂಚಿನ ಮಾಡುಗಳು ಮೇಲಂಚಿನವರೆಗೂ ಏರುತ್ತಿದ್ದವು. ಕಾಡು ಬರೆದರೆ ಎಲೆಗಳು ಆಕಾಶದ ಜಾಗವನ್ನೆಲ್ಲ ಮುಚ್ಚುತ್ತಿದ್ದವು. ನಾನು ಅವರನ್ನು ಕೊನೆಯದಾಗಿ ಕಂಡದ್ದು ಬೆಂಗ್ರೆಯ ದೋಣಿಯಲ್ಲಿ, ಯುದ್ಧ ಮುಗಿದಿತ್ತು, ಸ್ವಾತಂತ್ರ್ಯ ಬಂದಿರಲಿಲ್ಲ. ನದಿ ಕಡಲು ಸೇರುವ ಅಳಿವೆಯ ಕಡೆಗೆ ಬೆನ್ನುಮಾಡಿ ಕುಳಿತಿದ್ದರು. ಆ ಪರದೆ ಏನಾಯಿತೆಂದು ಕೇಳಿದೆ.

"ಮ್ಯಾನೇಜರು ವಾಪಸು ಕೇಳ್ಲಿಲ್ಲ. ಕಲ್ಯಾಣಿಯ ಹತ್ರ ಉಂಟು."

"ಅಷ್ಟು ದೊಡ್ಡದು ಆ ಮನೆಯಲ್ಲಿ ಹೇಗೆ ಹಿಡಿಸ್ತದೆ ವಾಮನಣ್ಣ?"

"ಗೋಡೆ ಗಿಡ್ಡ. ಆಕಾಶ ಮಾತ್ರ ಹಿಡಿಸ್ತದೆ," ಎಂದರು. "ಸಮುದ್ರವನ್ನು ಕೆಳಗೆ ಮಡಚಿ, ಅದರ ಮೇಲೆ ಸಂಜೀವನ ಪೆಟ್ಟಿಗೆ ಇಟ್ಟಿದ್ದಾಳೆ."